ಎಲುಬಿಲ್ಲದ ಗೂಳಿ

ಮೂರು ವರ್ಷದಿಂದ ಆ ಮನೆಯಲ್ಲಿ ಒಗ್ಗರಣೆ ಇರಲಿಲ್ಲ.

ಕಲಬುರಗಿಯಂಥ ಊರಿನಲ್ಲಿ, ಉಂಡು ತಿಂದು ಚೆನ್ನಾಗಿರುವ ಮನೆಯಲ್ಲಿ, ಬೆಳ್ಳುಳ್ಳಿ ಇಲ್ಲ, ಇಂಗಿಲ್ಲ, ಸಾಸಿವೆ ಸಿಡಿಸುವಂತಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಆದರೂ ಅದು ನಿಜ. ದೇವರ ಮುಂದೆ ಊದುಬತ್ತಿ ಹಚ್ಚುವುದು ನಿಂತಿತ್ತು. ಮೈಗೆ ಸೋಪಿನ ಬದಲು ಕಡಲೆಹಿಟ್ಟು ಬಂದಿತ್ತು. ಗಣಿತದ ಮೇಷ್ಟರಾದ ಚೆನ್ನವೀರ ಮದುವೆಯಾದಾಗಿನಿಂದ ಕುತ್ತಿಗೆಗೆ ಬಳಿದುಕೊಳ್ಳುತ್ತಿದ್ದ ಪೌಡರಿನ ಡಬ್ಬಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಕೈತೊಳೆದುಕೊಂಡಿದ್ದ. ಅವನ ತಾಯಿ ಗುರಬಸವ್ವ ಬೇಯಿಸಿದ ಬೇಳೆಗೆ ಉಪ್ಪು ಹಾಕಿ, ಅದನ್ನು ಸಾರು ಎಂದು ಕರೆಯಲು ನಾಚಿಕೆಯಾಗಿ, "ಬ್ಯಾಳಿ ನೀರು ಅದ, ಉಣ್ಣ ಬರ್ರಿ" ಎಂದು ಕೂಗುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಆ ಮನೆಯ ಸೊಸೆ, ಡಾಕ್ಟರ್ ನೀಲಗಂಗಾ ಮಾಲಗತ್ತಿ. ಡಾಕ್ಟರೆಂದರೆ ಸೂಜಿ ಚುಚ್ಚುವವಳಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಸತ್ತ ಪ್ರಾಣಿಗಳ ಎಲುಬು ಹಲ್ಲುಗಳನ್ನು ಮಣ್ಣಿನಿಂದ ತೆಗೆದು, ಅವು ಹೇಗೆ ಬದುಕಿದ್ದವೆಂದು ಹೇಳುವವಳು. ಈಗ ಅವಳಿಗೆ ಎಲುಬು ಸಾಲದಾಗಿತ್ತು. ಅವಳಿಗೆ ಆ ಪ್ರಾಣಿಗಳ ವಾಸನೆ ಬೇಕಾಗಿತ್ತು.

ವಾಸನೆ ಎಲ್ಲಿಂದ ಸಿಗಬೇಕು ಎಂದು ಕೇಳಬಹುದು. ಕಾಗಿಣಾ ನದಿಯ ಬದಿಗೆ ಗವಿಹಾಳ ಎಂಬ ಊರಿದೆ. ಅಲ್ಲೊಂದು ಸುಣ್ಣಕಲ್ಲಿನ ಗವಿ. ಗವಿಯ ಮಾಡಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಸುಣ್ಣ ಕರಗಿರುತ್ತದೆ. ನೀರು ಆರಿದಂತೆ ಸುಣ್ಣ ನೆಲದ ಮೇಲೆ ಪದರ ಪದರವಾಗಿ ಹೆಪ್ಪುಗಟ್ಟುತ್ತದೆ. ಹಾಗೆ ಹೆಪ್ಪುಗಟ್ಟುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ಆ ಕಾಲದ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿಯ ಜೊತೆಗೆ ಆ ಹೊತ್ತು ಗವಿಯಲ್ಲಿ ಯಾರಿದ್ದರೋ ಅವರ ಮೈವಾಸನೆಯೂ ಸಿಕ್ಕಿಕೊಳ್ಳುತ್ತದೆ. ಪದರದ ಚೂರನ್ನು ಗಾಳಿಯಿಲ್ಲದ ಪೆಟ್ಟಿಗೆಯೊಳಗೆ ಪುಡಿಮಾಡಿ, ಗುಳ್ಳೆಯಿಂದ ಹೊರಬಿದ್ದ ಅಣುಗಳನ್ನು ಒಂದೊಂದಾಗಿ ಎಣಿಸುವ ಯಂತ್ರವೊಂದನ್ನು ನೀಲಗಂಗಾಳ ಸಂಶೋಧನಾ ಕೇಂದ್ರ ಕಟ್ಟಿತ್ತು. ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಕೇಂದ್ರದಲ್ಲಿ ಎಲ್ಲರೂ ಅದನ್ನು ಮೂಗು ಎನ್ನುತ್ತಿದ್ದರು.

ಮೂಗು ಬಹಳ ಚುರುಕು. ಚುರುಕಾದದ್ದೇ ತಾಪತ್ರಯವಾಯಿತು. ಮೊದಮೊದಲು ಅದು ಐವತ್ತು ಸಾವಿರ ವರ್ಷ ಹಳೆಯ ಪದರದಲ್ಲಿ ಮಲ್ಲಿಗೆಹೂವನ್ನೂ ಮಾವಿನ ಉಪ್ಪಿನಕಾಯಿಯನ್ನೂ ಪತ್ತೆಹಚ್ಚಿತು. ಎಲ್ಲವೂ ಕೆಲಸ ಮಾಡುವವರ ಮೈಮೇಲಿಂದ ಬಂದದ್ದು. ನೀಲಗಂಗಾ ಸಿಟ್ಟಿಗೆದ್ದು ಬಾಗಿಲಿಗೆ ನಿಯಮ ಅಂಟಿಸಿದಳು. ಒಳಗೆ ಬರುವವರ ಮೈಮೇಲೆ ಹುಟ್ಟುವಾಗ ಇದ್ದದ್ದು ಬಿಟ್ಟು ಬೇರೇನೂ ಇರಕೂಡದು. ಉಂಗುರ, ಬಳೆ, ತಾಳಿ, ಹೂವು, ಎಣ್ಣೆ ಎಲ್ಲ ಹೊರಗೆ. ಕೇಂದ್ರ ಕೊಡುವ ಬಿಳಿ ನಿಲುವಂಗಿ ಮಾತ್ರ ಒಳಗೆ. ಊಟವೂ ಸಪ್ಪೆಯದೇ ಆಗಬೇಕು, ಬೆವರಿನಲ್ಲಿ ಬರುತ್ತದಲ್ಲ.

ಅವಳ ಜೊತೆಗೆ ಕೆಲಸ ಮಾಡುವವನು ಡಾಕ್ಟರ್ ಜಿಲಾನಿ ಬಾಗವಾನ. ವಯಸ್ಸಿನಲ್ಲಿ ಹತ್ತು ವರ್ಷ ಸಣ್ಣವನು, ಓದಿನಲ್ಲಿ ಅವಳಿಗೇನೂ ಕಡಿಮೆಯಿಲ್ಲ. ಅವನ ತೋಳಿನಲ್ಲಿ ಕರಿ ದಾರದ ತಾಯಿತವೊಂದಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವನ ತಾಯಿ ದರ್ಗಾದಲ್ಲಿ ಮಂತ್ರಿಸಿ ಕಟ್ಟಿಸಿದ್ದು. ನೀಲಗಂಗಾ ಅದನ್ನು ನೋಡಿ, "ಇದು ತೆಗೀಬೇಕಾಗ್ತದ ಜಿಲಾನಿ" ಎಂದಿದ್ದಳು.

"ಮೇಡಂ, ಇದು ಸಣ್ಣಾಂವ ಇದ್ದಾಗಿಂದ ಬಿಚ್ಚಿಲ್ರಿ."

"ಲೋಬಾನದ ವಾಸನಿ ಬರ್ತದಪ್ಪ. ಮೂಗು ಸುಮ್ಮ ಬಿಡಂಗಿಲ್ಲ. ನಾ ತಾಳಿನೇ ತೆಗೆದಿಟ್ಟೀನಿ, ನಿಂದೇನು ದೊಡ್ಡ ಮಾತು?"

ಜಿಲಾನಿ ತೆಗೆದಿಟ್ಟ. ಅವನ ತಾಯಿ ಒಂದು ತಿಂಗಳು ಅವನೊಡನೆ ಮಾತು ಬಿಟ್ಟಳು. ಇದು ನೀಲಗಂಗಾಳಿಗೂ ಗೊತ್ತಿತ್ತು. ವಿಜ್ಞಾನವೆಂದರೆ ಅಷ್ಟೂ ಮಾಡದಿದ್ದರೆ ಹೇಗೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಅಷ್ಟೆಲ್ಲ ಶಿಸ್ತಿನ ಮೇಲೆ ಗೂಳಿ ಬಂದಿತು.

ಅದು ಬಂದ ರೀತಿ ಹೀಗೆ. ನೀಲಗಂಗಾ ಗವಿಯ ಪದರಗಳನ್ನು ಮೇಲಿನಿಂದ ಕೆಳಕ್ಕೆ, ಹೊಸದರಿಂದ ಹಳೆಯದಕ್ಕೆ ಒಂದೊಂದಾಗಿ ಓದಿಸುತ್ತ ಹೋದಳು. ಪದರದ ಚೂರುಗಳನ್ನು ಮುಚ್ಚಿಟ್ಟ ಪೊಟ್ಟಣಗಳನ್ನು ತಾನೇ ಒಡೆಯುತ್ತಿದ್ದಳು, ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಅವಳ ಜಾಯಮಾನವೇ ಅಂಥದ್ದು. ಬಾವಲಿ, ಮುಳ್ಳಹಂದಿ, ಕತ್ತೆಕಿರುಬ ಇವೆಲ್ಲ ಸಿಕ್ಕವು. ಸಿಗಲೇಬೇಕು, ಅವುಗಳ ಎಲುಬು ಗವಿಯಲ್ಲಿ ರಾಶಿ ಬಿದ್ದಿತ್ತು. ಅವುಗಳ ಜೊತೆಗೆ ಯಾವ ಎಲುಬಿಗೂ ಹೊಂದದ ಇನ್ನೊಂದು ವಾಸನೆ ಸಿಕ್ಕಿತು. ಸಗಣಿಯ ಅಂಶ, ಪ್ರಾಣಿಯ ಕೊಬ್ಬು, ಅದರೊಳಗೆ ಕರಿಗೇರಿನ ಸೊನೆ. ಅಗಸರು ಬಟ್ಟೆಗೆ ಗುರುತು ಹಾಕುವ ಬೀಜವಿದೆಯಲ್ಲ, ಆ ಕರಿಗೇರು. ಅದರ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಅಂಥದ್ದನ್ನು ತಿಂದು ಅರಗಿಸಿಕೊಳ್ಳುವ ದನದ ಜಾತಿಯ ಪ್ರಾಣಿ ಈ ಭೂಮಿಯ ಮೇಲೆ ಈಗ ಇಲ್ಲ. ಹಾಗಾದರೆ ಹಿಂದೆ ಇತ್ತು! ಅದನ್ನು ಅವಳು ಗೂಳಿ ಎಂದು ಕರೆದಳು. ಅದೂ ಎಲ್ಲ ಕಾಲದಲ್ಲೂ ಒಂದೇ ಸಮ ಇರಲಿಲ್ಲ. ನಕ್ಷೆ ಬರೆದಾಗ ಮೂರು ಕಡೆ ವಾಸನೆ ಗುಡ್ಡದಂತೆ ಎದ್ದು, ಮೆಲ್ಲಗೆ ಇಳಿದಿತ್ತು. ಸಾವಿರಾರು ವರ್ಷಗಳ ಅಂತರದಲ್ಲಿ ಮೂರು ಸಲ ಗೂಳಿಗಳ ಹಿಂಡು ಗವಿಹಾಳಕ್ಕೆ ಬಂದು ಹೋಗಿದೆ ಎಂದು ನೀಲಗಂಗಾ ಬರೆದಳು.

"ಹೊಗಿ ಅಂಶಾನೂ ಅದ ಅಲ್ರಿ ಮೇಡಂ ಇದರಾಗ?" ಎಂದು ಜಿಲಾನಿ ಒಮ್ಮೆ ಕೇಳಿದ.

"ಕಾಡ್ಗಿಚ್ಚು" ಎಂದು ಅವಳು ಅವನ ಬಾಯಿ ಮುಚ್ಚಿಸಿದಳು.

ಎಲ್ಲ ಸರಿ, ಎಲುಬೆಲ್ಲಿ? ಈ ಒಂದು ಪ್ರಶ್ನೆ ಅವಳ ತಲೆ ತಿಂದಿತು. ಸಮ್ಮೇಳನದಲ್ಲಿ ಕೇಳಿದರು, ಪತ್ರಿಕೆಯವರು ಕೇಳಿದರು, ನಿರ್ದೇಶಕ ಕಟ್ಟಿಯವರು ಪ್ರತಿ ಸೋಮವಾರ ಕೇಳಿದರು. ಒಂದು ಹಲ್ಲು ಸಾಕಾಗಿತ್ತು, ಒಂದೇ ಒಂದು ದವಡೆಹಲ್ಲು. ನೀಲಗಂಗಾ ಗವಿಯ ಮಣ್ಣನ್ನು ಜರಡಿ ಹಿಡಿದೂ ಹಿಡಿದೂ ಸೊಂಟ ಬೀಳಿಸಿಕೊಂಡಳು. ಸಿಕ್ಕದ್ದೆಲ್ಲ ಬೇಡವಾದದ್ದೇ. ತಳದ ಪದರದ ಹತ್ತಿರ ಜಿಲಾನಿ ಒಂದು ಪುಟ್ಟ ಹಲ್ಲು ಹುಡುಕಿ ಹಿಗ್ಗಿನಿಂದ ಓಡಿ ಬಂದ. "ಮೇಡಂ, ಕತ್ತೆಕಿರುಬದ ಮರೀದು ಹಾಲುಹಲ್ಲು! ಇಲ್ಲಿ ಮರಿ ಹಾಕಿದ್ವು ಕಾಣ್ತದ!" ನೀಲಗಂಗಾ ಅದನ್ನು ನೋಡಿ, "ನನಗ ಗೂಳಿ ಹಲ್ಲು ಬೇಕಾಗ್ಯಾದೋ ಮಾರಾಯ, ನಾಯಿ ಹಲ್ಲಲ್ಲ" ಎಂದು ಡಬ್ಬಿಗೆ ಹಾಕಿಟ್ಟಳು. ಗೂಳಿಗಳು ಗೋಡೆಯ ಉಪ್ಪು ನೆಕ್ಕಲು ಮಾತ್ರ ಬರುತ್ತಿದ್ದವು, ಅಲ್ಲಿ ಸಾಯುತ್ತಿರಲಿಲ್ಲ ಎಂದು ಎಲ್ಲರಿಗೂ ಹೇಳಿದಳು. ಹೇಳುವಾಗಲೆಲ್ಲ ಅವಳಿಗೇ ಮೈ ಉರಿಯುತ್ತಿತ್ತು. ಹೋದ ಮಳೆಗಾಲದಲ್ಲಿ ಗವಿಯ ಮಾಡು ಕುಸಿದು, ಇನ್ನು ಹುಡುಕುವ ಮಾತೂ ಇಲ್ಲವಾಯಿತು. ಓದಿದ ಪೊಟ್ಟಣ ಪುಡಿಯಾಗಿ ಹೋಗುತ್ತದೆ. ಎಲ್ಲ ಮುಗಿದು ತಳದ ಪದರದ ಒಂದೇ ಒಂದು ಪೊಟ್ಟಣ ಉಳಿದಿತ್ತು.

ಅಷ್ಟಾದರೂ ಕಟ್ಟಿಯವರು ಗೂಳಿಯನ್ನು ಅಧಿಕೃತವಾಗಿ ಲೋಕಕ್ಕೆ ಸಾರುವ ದಿನ ಗೊತ್ತು ಮಾಡಿದರು. ಗವಿಹಾಳದ ಪಂಚಾಯಿತಿಯವರು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಊರ ಬಾಗಿಲಲ್ಲಿ ಸಿಮೆಂಟಿನ ಗೂಳಿ ನಿಲ್ಲಿಸಿದರು. ಕೋಡು ಎಷ್ಟು ಉದ್ದ ಇರಲಿ ಎಂದು ಕೇಳಲು ಬಂದವರಿಗೆ ನೀಲಗಂಗಾ, "ನನಗೇನು ಗೊತ್ತ್ರಿ, ನಾ ವಾಸನಿ ಅಷ್ಟೇ ಕಂಡೀನಿ" ಎಂದಿದ್ದಳು. ಅವರು ತಮಗೆ ತೋಚಿದಷ್ಟು ಉದ್ದ ಇಟ್ಟಿದ್ದರು.

ಸಾರುವ ದಿನಕ್ಕೆಂದೇ ಮೂಗಿಗೆ ಹೊಸ ಅಂಗವೊಂದನ್ನು ಜೋಡಿಸಿದ್ದರು. ಎಣಿಸಿ ಹಿಡಿದಿಟ್ಟ ಅಣುಗಳನ್ನೇ ಮತ್ತೆ ಬೆರೆಸಿ, ಪೊಟ್ಟಣಕ್ಕೆ ಒಂದು ಉಸಿರಿನಷ್ಟು ವಾಸನೆಯನ್ನು ಕೊಳವೆಯಿಂದ ಬಿಡುವ ಅಂಗ. ಮೊದಲು ಮೂಸಿದವಳು ನೀಲಗಂಗಾ. ಜಿಡ್ಡುಜಿಡ್ಡು, ಸ್ವಲ್ಪ ಕಮಟು, ಅದರ ಹಿಂದೆ ಏನೋ ಬೆಚ್ಚಗಿನದು. ಭಯ ಬರಬೇಕಾಗಿತ್ತು, ಬರಲಿಲ್ಲ. ಕಾಡುಪ್ರಾಣಿಯ ಹತ್ತಿರ ನಿಂತಂತೆಯೇ ಅನ್ನಿಸಲಿಲ್ಲ. "ಭಾಳ ಸಾಧು ಪ್ರಾಣಿ ಇತ್ತು ಕಾಣ್ತದ" ಎಂದಳು. ಜಿಲಾನಿ ಮೂಸಿ, ಹುಬ್ಬು ಗಂಟಿಕ್ಕಿ, "ಇದು ಎಲ್ಲೋ ಕಂಡಂಗ ಅದ ಮೇಡಂ" ಎಂದ. ಎಲ್ಲಿ ಎಂದು ಅವನಿಗೆ ನೆನಪಾಗಲಿಲ್ಲ.

ಆ ವಾರವೇ ಶ್ರಾವಣ ಮುಗಿಯುತ್ತಿತ್ತು.

ಗುರಬಸವ್ವನದು ಒಂದು ಪದ್ಧತಿ. ವರ್ಷಕ್ಕೊಮ್ಮೆ, ಶ್ರಾವಣದ ಕೊನೆಗೆ, ಮನೆಮಂದಿಯ ಕೊರಳಿನ ಲಿಂಗಗಳನ್ನೆಲ್ಲ ಮಠಕ್ಕೆ ಒಯ್ದು, ಅವುಗಳ ಮೇಲಿನ ಸವೆದ ಕರಿಯ ಲೇಪವನ್ನು ಹೊಸದು ಮಾಡಿಸಿ ತರುವುದು. ಲಿಂಗ ಮರಳಿ ಕೊರಳಿಗೆ ಬರುವವರೆಗೆ ಮನೆಯಲ್ಲಿ ಯಾರೂ ಬಾಯಿಗೆ ನೀರೂ ಹಾಕುವಂತಿಲ್ಲ. ಲಿಂಗಪೂಜೆಯ ವಿಷಯದಲ್ಲಿ ನೀಲಗಂಗಾ ಅತ್ತೆಗೆ ಎದುರಾಡಿದವಳಲ್ಲ. ಹುಟ್ಟಿದ ಮೇಲೆ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಜೊತೆಗಿರುವುದು. ಅವಳ ಮಟ್ಟಿಗೆ ಅದು ಮೈಮೇಲಿನ ವಸ್ತುವಲ್ಲ, ಮೈಯೇ. ಮೂಗಿನ ನಿಯಮ ಬಂದಾಗ ಲಿಂಗದ ಬೆಳ್ಳಿ ಕರಡಿಗೆಯನ್ನು ಒಡವೆ ಎಂದು ತಾನಾಗಿ ತೆಗೆದಿಟ್ಟಿದ್ದಳು. ಅಂದಿನಿಂದ ಲಿಂಗವನ್ನು ಬರೀ ಬಿಳಿ ಬಟ್ಟೆಯಲ್ಲಿ ಸುತ್ತಿ, ಎದೆಗೆ ಕಟ್ಟಿಕೊಂಡು, ಮೇಲೆ ನಿಲುವಂಗಿ ಹಾಕಿಕೊಳ್ಳುತ್ತಿದ್ದಳು. ಅಷ್ಟು ಶಿಸ್ತು!

ಆ ದಿನ ಸಂಜೆ ಹಸಿದು ಕಂಗಾಲಾಗಿ ಕೂತಿದ್ದಾಗ ಗುರಬಸವ್ವ ಮಠದಿಂದ ಬಂದಳು. "ತಡ ಆಯ್ತವ್ವ, ಮಂದಿ ಭಾಳ ಇತ್ತು. ತಗೋ, ಪೂಜಿ ಮಾಡ್ಕೊಂಡು ಉಣ್ಣು" ಎಂದು ಸೊಸೆಯ ಎಡಗೈಯಲ್ಲಿ ಲಿಂಗ ಇಟ್ಟಳು.

ನೀಲಗಂಗಾ ಕಣ್ಣು ನೆಟ್ಟು ನೋಡಲು ಅಂಗೈಯನ್ನು ಮುಖದ ಹತ್ತಿರ ತಂದಳು. ಹಾಗೆಯೇ ನಿಂತಳು.

ಜಿಡ್ಡುಜಿಡ್ಡು, ಸ್ವಲ್ಪ ಕಮಟು. ಅದರ ಹಿಂದೆ ಬೆಚ್ಚಗಿನದು.

"ಅತ್ತೀ, ಈ ಕರಿ ಬಣ್ಣಕ್ಕ ಏನೇನ್ ಹಾಕ್ತಾರ?"

"ಆಕಳ ಸಗಣಿ ಸುಟ್ಟ ಬೂದಿ, ತುಪ್ಪ, ಕರಿಗೇರಿನ ಎಣ್ಣಿ. ಮತ್ತೇನೇನೋ ಹಾಕ್ತಾರ. ಯಾಕ, ಕೈ ತುರಸ್ತದೇನು?"

ಸಗಣಿ, ಕೊಬ್ಬು, ಕರಿಗೇರು, ಹೊಗೆ: ಮೂಗು ಕೊಟ್ಟ ಪಟ್ಟಿಯೇ ಇದು ಎಂದು ನೀಲಗಂಗಾಳಿಗೆ ಹೊಳೆಯಿತು. ಪೂಜೆ ಹೇಗೆ ಮುಗಿಸಿದಳೋ, ಲಿಂಗ ಕಟ್ಟಿಕೊಂಡು ನೇರ ಹೋಗಿ ಲ್ಯಾಪ್‌ಟಾಪ್ ತೆರೆದಳು. ಮೂರು ಗುಡ್ಡಗಳು. ಯಾವ ಪದರವನ್ನು ಯಾವಾಗ ಓದಿಸಿದ್ದು ಎಂದು ನೋಡಿದಳು. ನೋಡದಿದ್ದರೂ ಆಗುತ್ತಿತ್ತು. ಒಂದೊಂದು ಗುಡ್ಡವೂ ಶ್ರಾವಣ ಮುಗಿದ ಮರುವಾರ ಎದ್ದು, ಲೇಪ ಸವೆದಂತೆ ಇಳಿದಿತ್ತು. ಮೂರು ಶ್ರಾವಣ, ಮೂರು ಹಿಂಡು. ಸಾವಿರಾರು ವರ್ಷಗಳ ಅಂತರದಲ್ಲಿ ಗವಿಹಾಳಕ್ಕೆ ಬಂದು ಹೋದ ಗೂಳಿ ಅವಳ ಎದೆಯ ಮೇಲೆಯೇ ಮಲಗಿತ್ತು. ಬೆಳಗಿನಿಂದ ಸಂಜೆಯವರೆಗೆ ಲಿಂಗ ಇಲ್ಲದೆ ಕೂತದ್ದಕ್ಕೆ ಅವಳ ಸ್ವಂತ ಮೂಗಿಗೆ ಇವತ್ತು ಗೊತ್ತಾಯಿತು, ಇಲ್ಲದಿದ್ದರೆ ತನ್ನ ಮೈವಾಸನೆ ತನಗೆ ಎಲ್ಲಿ ತಿಳಿಯುತ್ತದೆ? ಹಿಂದಿನ ಶ್ರಾವಣಗಳಲ್ಲೂ ಹೀಗೇ ಮೂಸಿದ್ದಳು. ಆಗ ಗೂಳಿಯ ವಾಸನೆ ಹೇಗಿರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಅವಳಿಗೆ ಅಳು ಬಂತು. ದುಃಖದ ಅಳುವಲ್ಲ, ಶುದ್ಧ ಸಿಟ್ಟಿನದು. ಯಾರ ಮೇಲೆ ಸಿಟ್ಟು? ಅತ್ತೆಯ ಮೇಲೆ ಹಾಕುವಂತಿಲ್ಲ, ಮಠದ ಮೇಲೆ ಹಾಕುವಂತಿಲ್ಲ, ಹೇಳಿದಷ್ಟೇ ಮಾಡುವ ಯಂತ್ರದ ಮೇಲೆ ಹಾಕಿ ಉಪಯೋಗವಿಲ್ಲ. ಮೂರು ವರ್ಷ ಬೆಳ್ಳುಳ್ಳಿಯನ್ನು ಗಡಿಪಾರು ಮಾಡಿದವಳು ತಾನು. ಚೆನ್ನವೀರ ಬಂದು ಏನಾಯಿತೆಂದು ಕೇಳಿದ. ಹೇಳಿದಳು. ಅವನು, "ಹಂಗಾದ್ರ ನನ್ನ ಪೌಡರ್ ಏನೂ ತಪ್ಪು ಮಾಡಿರಲಿಲ್ಲ" ಎಂದ. ಅವಳು ಕೈಗೆ ಸಿಕ್ಕ ದಿಂಬು ಎತ್ತಿ ಎಸೆದಳು.

ಬೆಳಿಗ್ಗೆ ಮೊದಲು ಕಟ್ಟಿಯವರಿಗೆ ಫೋನು ಮಾಡಿದಳು. ಅವರು ಎಲ್ಲ ಕೇಳಿಸಿಕೊಂಡು, ದನಿ ತಗ್ಗಿಸಿ ಕೇಳಿದರು. "ಇದು ಇನ್ನಾ ಯಾರಿಗರೆ ಗೊತ್ತದ ಏನ್ರಿ?"

"ನಮ್ಮ ಮನ್ಯಾಗ ಗೊತ್ತದ ಸರ."

"ಮನಿ ಮಾತು ಮನ್ಯಾಗ ಇರಲಿ. ಪೊಟ್ಟಣ ಎಲ್ಲಾ ಪುಡಿ ಆಗ್ಯಾವ, ಗವಿ ಬಿದ್ದದ. ಸುಳ್ಳಂತ ತೋರಿಸೋರು ಯಾರು? ಗೂಳಿ ಇರಲಿ ಬಿಡ್ರಿ ನೀಲಗಂಗಾ. ಅದು ಯಾರಿಗೇನು ಹಾಯ್ತದ?"

"ಒಂದು ಪೊಟ್ಟಣ ಉಳದದ ಸರ."

"ಅದನ್ನ ಓದಿಸಬ್ಯಾಡ್ರಿ."

"ಓದಸ್ತೀನ್ರಿ ಸರ. ಗೂಳಿ ಇಲ್ಲ ಅಂತ ಪತ್ರಿಕೆಯವರಿಗೆ ನೀವು ಹೇಳ್ತೀರೋ, ನಾ ಹೇಳ್ಲೋ ಅಷ್ಟು ನೋಡ್ರಿ."

ಆ ಕಡೆಯಿಂದ ಫೋನು ಕಟ್ಟಾಯಿತು. ಯೋಜನೆಯೂ ಅದರ ಜೊತೆಗೆ ಕಟ್ಟಾದಂತೆಯೇ ಎಂದು ಅವಳಿಗೆ ಗೊತ್ತಿತ್ತು.

ಅವಳು ಅಡುಗೆಮನೆಗೆ ಹೋದಳು. ಗುರಬಸವ್ವ ಬೇಳೆ ಬೇಯಿಸಿ ಉಪ್ಪಿಗೆ ಕೈ ಹಾಕಿದ್ದಳು.

"ಅತ್ತೀ, ಒಗ್ಗರಣಿ ಹಾಕ್ರಿ. ಬೆಳ್ಳುಳ್ಳಿ ಜಜ್ಜಿ ಹಾಕ್ರಿ."

ಗುರಬಸವ್ವ ತಿರುಗಿ ನೋಡಿದಳು. "ಇವತ್ತು ಆಫೀಸಿಗೆ ಹೋಗಂಗಿಲ್ಲೇನು?"

"ಹೋಗ್ತೀನಿ. ಉಂಡೇ ಹೋಗ್ತೀನಿ."

ಮನೆಯಲ್ಲಿ ಬೆಳ್ಳುಳ್ಳಿ ಇದ್ದರೆ ತಾನೇ? ಗುರಬಸವ್ವ ಪಕ್ಕದ ಮನೆಗೆ ಹೋಗಿ ಎರಡು ಗಡ್ಡೆ ಇಸಕೊಂಡು ಬಂದಳು. ನೀಲಗಂಗಾ ಕೂತು ಸುಲಿದಳು. ಎಣ್ಣೆ ಕಾದು ಸಾಸಿವೆ ಸಿಡಿದಾಗ ಗುರಬಸವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಘಾಟಿಗೆ" ಎಂದಳು. ನೀಲಗಂಗಾ ಹೂಂ ಎಂದಳು. ಮೂರು ಜನ ಸಾರು ಸುರಿದುಕೊಂಡು, ಹೊಟ್ಟೆ ಬಿರಿಯುವಷ್ಟು ಉಂಡರು.

ಕೇಂದ್ರದಲ್ಲಿ ಜಿಲಾನಿ ಬಿಳಿ ನಿಲುವಂಗಿ ತೊಟ್ಟು ಗಾಜಿನ ಬಾಗಿಲ ಹತ್ತಿರ ಕಾಯುತ್ತಿದ್ದ. ಅವಳು ಹತ್ತಿರ ಬಂದದ್ದೇ ಎರಡು ಹೆಜ್ಜೆ ಹಿಂದೆ ಸರಿದ. "ಮೇಡಂ! ಇದೇನ್ರಿ, ಬೆಳ್ಳುಳ್ಳಿ!"

ಅವಳು ದೂರದಲ್ಲೇ ನಿಂತು ಎಲ್ಲ ಹೇಳಿದಳು. ಮೂರು ಶ್ರಾವಣದ ಮಾತು ಹೇಳಿದಳು. ಜಿಲಾನಿಯ ಕೈ ತಾನಾಗಿ ತನ್ನ ಬರಿಯ ತೋಳಿಗೆ ಹೋಯಿತು.

"ಅದಕ್ಕೇ ಕಂಡಂಗ ಆಗಿತ್ತು. ನೀವು ಬಾಜೂಕ ನಿಂತಾಗ ದಿನಾ ಬರ್ತಿತ್ತಲ್ರಿ ಅದು" ಎಂದ. ಆಮೇಲೆ ಅವನ ದನಿ ಗಟ್ಟಿಯಾಯಿತು. "ನನ್ನ ತಾಯಿತ ತೆಗಸಿದ್ರಿ ಮೇಡಂ. ನಮ್ಮವ್ವ ಅತ್ತಳು. ನಿಮಗ ನಿಮ್ಮದು ನೆನಪೇ ಆಗಲಿಲ್ಲೇನ್ರಿ?"

"ಇಲ್ಲ ಜಿಲಾನಿ. ನಿಂದು ನನಗ ಕಟ್ಟಿಕೊಂಡಿದ್ದಂಗ ಕಂಡಿತು. ನಂದು ಕಟ್ಟಿಕೊಂಡಿದ್ದು ಅಂತ ಹೊಳೀಲೇ ಇಲ್ಲ. ತಪ್ಪಾಯ್ತಪ್ಪ."

ಜಿಲಾನಿ ಮುಖ ತಿರುಗಿಸಿಕೊಂಡು ನಿಂತ. ಆ ಕಡೆಗೇ ನೋಡುತ್ತ, "ಈಗೇನು ಮಾಡೋಣ್ರಿ?" ಎಂದ.

ಅವಳು ಕೀಲಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. "ಕಡೀ ಪೊಟ್ಟಣ ನೀನೇ ಒಡಿ. ನಾ ಲಿಂಗ ಬಿಚ್ಚಾಕಿ ಅಲ್ಲ. ಅದಕ್ಕೇ ಒಳಗ ಬರಾಕಿನೂ ಅಲ್ಲ. ಮತ್ತ ಮನಸ್ಸು ಬದಲಿ ಆಗಬಾರ್ದು ಅಂತ ಬೆಳ್ಳುಳ್ಳಿ ಉಂಡು ಬಂದೀನಿ."

ಅವನು ಕೀಲಿ ಎತ್ತಿಕೊಂಡ, ಹಿತ್ತಾಳೆಯ ವಾಸನೆ ಹೋಗುವಂತೆ ಕೈ ತೊಳೆದ, ಒಳಗೆ ಹೋದ. ಬಾಗಿಲು ಮುಚ್ಚಿತು. ನೀಲಗಂಗಾ ಹೊರಗೆ ಗಾಜಿಗೆ ಒತ್ತಿಕೊಂಡು ನಿಂತಳು. ಪೊಟ್ಟಣವನ್ನು ಇನ್ನೊಬ್ಬರು ಒಡೆಯುವುದನ್ನು ಅವಳು ನೋಡಿದ್ದು ಅದೇ ಮೊದಲು. ಹಾಗಲ್ಲ ಹೀಗೆ ಹಿಡಿ ಎಂದು ಹೇಳಲು ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿದಳು. ಜಿಲಾನಿ ಸರಿಯಾಗಿಯೇ ಹಿಡಿದಿದ್ದ.

ಮೂಗು ಗುಂಯ್‌ಗುಡುತ್ತ ಓದಿತು. ಪರದೆಯ ಮೇಲೆ ಗೆರೆ ಎಳೆಯುತ್ತ ಹೋಯಿತು. ಕರಿಗೇರು ಇಲ್ಲ. ಸಗಣಿ ಇಲ್ಲ. ಹೊಗೆ ಇಲ್ಲ. ಗೂಳಿ ನಿಂತಿದ್ದ ಜಾಗ ಬಟಾಬಯಲು. ಗೊತ್ತಿದ್ದ ಸಂಗತಿಯೇ ಆದರೂ ನೀಲಗಂಗಾ ಆ ಗೆರೆಯನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದಳು. ಮೂರು ವರ್ಷ ಸಾಕಿದ ಪ್ರಾಣಿ ಅದು.

ಆಗ ಜಿಲಾನಿ ಪರದೆಗೆ ಬಾಗಿದ. ಸ್ಪೀಕರಿನಲ್ಲಿ ಅವನ ದನಿ ಬಂತು. "ಮೇಡಂ, ಕೊಬ್ಬು ಇನ್ನಾ ಅದ. ಸಣ್ಣದು. ಆದ್ರ ಅದ."

"ತುಪ್ಪದ್ದೇನು ಮತ್ತ?"

"ಅಲ್ರಿ. ತುಪ್ಪ ಹೋಗ್ಯಾದ. ಇದು ಅದರ ಕೆಳಗ ಇತ್ತು, ಇಷ್ಟು ದಿನ ಕಂಡಿಲ್ಲ. ಹಾಲಿಂದು. ಬಾಜೂಕ ಕತ್ತೆಕಿರುಬದ ಮೈವಾಸನಿ." ಅವನು ತಲೆ ಎತ್ತಿ ಗಾಜಿನಾಚೆ ಅವಳನ್ನು ನೋಡಿದ. "ಮೇಡಂ, ಆ ಹಾಲುಹಲ್ಲು!"

ತಾನು ಡಬ್ಬಿಗೆ ಎಸೆದ ಹಲ್ಲು. ಎಲುಬೂ ಇತ್ತು, ವಾಸನೆಯೂ ಇತ್ತು. ಎರಡನ್ನೂ ಜೋಡಿಸುವುದೊಂದೇ ಬಾಕಿ ಇತ್ತು, ತನ್ನ ತುಪ್ಪ ಅದರ ಮೇಲೆ ಕೂತಿತ್ತು. ಗವಿಯ ಕತ್ತಲಲ್ಲಿ ಒಂದು ತಾಯಿ ಮಲಗಿ ಮರಿಗಳಿಗೆ ಹಾಲೂಡಿಸಿದ್ದಳು. ಆ ಉಸಿರು ಸುಣ್ಣದಲ್ಲಿ ಇಷ್ಟು ಕಾಲ ಉಳಿದು ಬಂದಿತ್ತು.

"ಕೊಳವಿ ಬಿಡು" ಎಂದಳು ನೀಲಗಂಗಾ.

"ಒಂದೇ ಉಸಿರಿಗೆ ಆಗೂವಷ್ಟು ಅದ ಮೇಡಂ. ನೀವು..."

"ನಾ ಹ್ಯಾಂಗ ಬರ್ಲಿ? ನೀ ಮೂಸು. ಬಿಡು ಅಂದ್ರ ಬಿಡು!"

ಜಿಲಾನಿ ಕೊಳವೆಗೆ ಮುಖ ಕೊಟ್ಟು ಕಣ್ಣು ಮುಚ್ಚಿದ. ಎದೆ ಉಬ್ಬಿತು, ಹಾಗೆಯೇ ನಿಂತಿತು. ಉಸಿರು ಬಿಡಲು ಅವನಿಗೆ ಮನಸ್ಸೇ ಇದ್ದಂತಿರಲಿಲ್ಲ. ಮುಖದ ಮೇಲೆ ಅಷ್ಟು ಹೊತ್ತು ಇದ್ದ ಸಿಟ್ಟು ಎತ್ತಲೋ ಹೋಗಿತ್ತು.

"ಹ್ಯಾಂಗದ?" ನೀಲಗಂಗಾ ಗಾಜು ಬಡಿದಳು. "ಜಿಲಾನಿ, ಹ್ಯಾಂಗದ ಹೇಳೋ!"

"ಹಾಲು ಕುಡಿದು ಮಲಗಿದ ಕೂಸಿನ ಬಾಯಿ ಇರ್ತದಲ್ರಿ..." ಅವನು ಮತ್ತೊಮ್ಮೆ ಮೂಸಿದ. ತಲೆ ಅಲ್ಲಾಡಿಸಿದ. "ಹೋಯ್ತು ಮೇಡಂ."

"ಇನ್ನಷ್ಟು ಹೇಳು."

"ಹೇಳಲಿಕ್ಕೆ ಬರಂಗಿಲ್ರಿ. ನೀವೇ ಮೂಸಬೇಕಾಗಿತ್ತು."

ಅವನು ಹೊರಗೆ ಬರುವವರೆಗೆ ನೀಲಗಂಗಾ ಗಾಜಿನ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಆಮೇಲೆ ಆ ಕೈಯನ್ನು ಮುಖದ ಹತ್ತಿರ ತಂದು ಮೂಸಿ ನೋಡಿದಳು. ಬೆಳ್ಳುಳ್ಳಿ ಬಿಟ್ಟು ಬೇರೇನೂ ಇರಲಿಲ್ಲ.